ಛಲೋ ಜೋಳ ಬೇರೆ, ನಾಲಿಗೆಗೆ ಹಿಡಿಸಿದ ಜೋಳ ಬೇರೆ

ಬಿಳಿಜೋಳದ ಚೀಲ ಬಿಚ್ಚಿದರೆ ನಮ್ಮ ಕಡೆ ತಲೆಗೊಂದು ಮಾತು ಕೇಳಿಬರುತ್ತದೆ. ಅಡತಿಯವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹೊರಳಿಸಿ "ಮಾಲ್ ಸಾದಾ ಅದ" ಅನ್ನುತ್ತಾರೆ. ಮನೆಯ ಹೆಣ್ಣುಮಗಳು ಅದನ್ನೇ ಬೀಸಿಸಿಕೊಂಡು ಬಂದು ರೊಟ್ಟಿ ಬಡಿದು "ಜ್ವಾಳ ಭಾಳ ಛಲೋ ಅದ, ಹಿಟ್ಟಿಗಿ ಜಿಗಿ ಅದ" ಅನ್ನುತ್ತಾಳೆ. ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗ ಹಬ್ಬಕ್ಕೆ ಬಂದವನು "ಅವ್ವಾ, ನನಗ ಇದು ಸೇರಲ್ಲ, ಚಪಾತಿ ಮಾಡು" ಅನ್ನುತ್ತಾನೆ. ಜೋಳ ಒಂದೇ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಮಾತಾಡುತ್ತಿರುವ ವಿಷಯ ಬೇರೆ ಬೇರೆ.

ಜೋಳದ ಗುಣ ಅನ್ನುವುದು ಒಂದು. ಅದನ್ನು ಕೈಯಲ್ಲಿ, ಹಲ್ಲಲ್ಲಿ, ಹಂಚಿನ ಮೇಲೆ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ನನಗೆ ಹಿಡಿಸಿತು, ಹಿಡಿಸಲಿಲ್ಲ ಅನ್ನುವುದು ಇನ್ನೊಂದು. ಅದು ನಾಲಿಗೆಯ ರೂಢಿ, ಅದಕ್ಕೆ ಸಾಕ್ಷಿ ಬೇಕಾಗಿಲ್ಲ. ಇವೆರಡನ್ನೂ ಒಂದೇ ಮಾಡಿ ಮಾತಾಡುವುದರಿಂದ ನಷ್ಟ ಆಗುವುದು ರೈತನಿಗೆ. ಕೊಳ್ಳುವವನು ತನಗೆ ಹಿಡಿಸದ್ದನ್ನು ಮಾಲಿನ ದೋಷ ಎಂದು ಹೇಳಿ ಧಾರಣಿ ಇಳಿಸುತ್ತಾನೆ. ನಾವೂ ರೂಢಿ ಇಲ್ಲದ ಬೀಜವನ್ನು ಒಂದು ಸಲ ಉಂಡು "ಸಪ್ಪಗದ" ಎಂದು ದೂರ ಇಡುತ್ತೇವೆ.

ಹೆಣ್ಣುಮಕ್ಕಳ ಪರೀಕ್ಷೆ

ಜೋಳದ ಗುಣ ನೋಡುವುದರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳಿಗಿಂತ ದೊಡ್ಡ ಪರೀಕ್ಷಕರಿಲ್ಲ. ಅವರು ನೋಡುವ ಕ್ರಮವನ್ನು ಬರೆದಿಡುತ್ತೇನೆ.

ಮೊದಲು ಒಂದು ಕಾಳನ್ನು ಹಲ್ಲಿಗೆ ಇಟ್ಟು ಕಡಿಯುತ್ತಾರೆ. "ಕಟ್" ಎಂದು ಸದ್ದು ಬಂದರೆ ಒಣಗಿದೆ, ಗಟ್ಟಿ ಇದೆ ಎಂದು ಅರ್ಥ. ಕಡಿದ ಕಾಳನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಗಾಜಿನಂಥ ಗಟ್ಟಿ ಭಾಗ, ನಡುವೆ ಸುಣ್ಣದಂಥ ಬಿಳಿ ಭಾಗ ಕಾಣುತ್ತದೆ. ಗಾಜಿನಂಥ ಭಾಗ ಸ್ವಲ್ಪ ಹೆಚ್ಚಿರುವ, ಸಿಪ್ಪೆ ತೆಳ್ಳಗಿರುವ, ಸಿಪ್ಪೆಯ ಕೆಳಗೆ ಕಂದು ಪದರ ಇಲ್ಲದ ಕಾಳು ರೊಟ್ಟಿಗೆ ಯೋಗ್ಯ. ಪೂರ್ತಿ ಸುಣ್ಣದಂತಿದ್ದರೆ ಕಣಕ ಹಿಡಿತಕ್ಕೆ ಬರುವುದಿಲ್ಲ. ಮೇಣದಂಥ ಕಾಳಾದರೆ ಕಣಕ ಅಂಟಂಟು ಆಗುತ್ತದೆ.

ಆಮೇಲೆ ಕಣಕ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ನಮ್ಮವರು ಎಸರು ಕಾಯಿಸಿ ಹಾಕಿ ಹಿಟ್ಟು ಕಲಸುವುದು. ಬಿಸಿನೀರಿಗೆ ಹಿಟ್ಟಿನಲ್ಲಿರುವ ಪಿಷ್ಟ ಬೆಂದು ಗಂಜಿಯಂತಾಗಿ ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಜಿಗಿ ಅಂತ ನಾವು ಕರೆಯುವುದು ಇದನ್ನೇ. ಜಿಗಿ ಇರುವ ಹಿಟ್ಟು ಬಡಿಯುತ್ತ ಹೋದಂತೆ ಅಂಚು ಒಡೆಯದೆ ಅಗಲಾಗುತ್ತದೆ. ಜಿಗಿ ಇಲ್ಲದ್ದು ಅಂಗೈಯಗಲ ಆಗುವುದರೊಳಗೇ ಸೀಳು ಬಿಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟೂ ಹೀಗೇ ಸೀಳುತ್ತದೆ. ಅದು ಜೋಳದ ತಪ್ಪಲ್ಲ.

ಹಂಚಿಗೆ ಹಾಕಿದ ಮೇಲೆ ಉಬ್ಬಬೇಕು, ಮೇಲಿನ ಪದರ ಬಿಡಬೇಕು. ಕಡೆಯ ಪರೀಕ್ಷೆ ಬುಟ್ಟಿಯಲ್ಲಿ. ಮುಂಜಾನೆ ಬಡಿದ ರೊಟ್ಟಿಯನ್ನು ಮಧ್ಯಾಹ್ನ ಹೊಲದಲ್ಲಿ ಬಿಚ್ಚಿದಾಗ ಮಡಚಲು ಬರಬೇಕು. ನಮ್ಮಂಥವರಿಗೆ ಇದೇ ದೊಡ್ಡದು. ಹಂಚಿನ ಮೇಲಿಂದ ಬಿಸಿಬಿಸಿ ಇಳಿಸಿದಾಗ ಎಲ್ಲ ಜೋಳದ ರೊಟ್ಟಿಯೂ ರುಚಿಯಾಗಿಯೇ ಇರುತ್ತದೆ. ಕಳೆ ತೆಗೆದು ಕೈ ತೊಳೆದು ಬಂದು ಗಂಟು ಬಿಚ್ಚಿದಾಗ ಗೊತ್ತಾಗುತ್ತದೆ ಯಾವುದು ಎಂಥದ್ದು ಅಂತ. (ಕಟಕ ರೊಟ್ಟಿಯ ಲೆಕ್ಕ ಬೇರೆ. ಅದನ್ನು ಬೇಕೆಂದೇ ಒಣಗಿಸುತ್ತಾರೆ.)

ಇಷ್ಟೂ ಗುಣದ ಮಾತು. ಇದರಲ್ಲಿ "ನನಗೆ ಹಿಡಿಸಿತು" ಎಂಬುದು ಎಲ್ಲೂ ಬರಲಿಲ್ಲ ನೋಡಿ. ಜೋಳದ ರೊಟ್ಟಿಯನ್ನೇ ಉಣ್ಣದ ಹೆಣ್ಣುಮಗಳೂ ಬಡಿಯಲು ಬಂದರೆ ಈ ತೀರ್ಪು ಹೇಳಬಲ್ಲಳು. ಇನ್ನು ರೊಟ್ಟಿ ದಪ್ಪ ಇರಬೇಕೋ ತೆಳ್ಳಗೋ, ಸ್ವಲ್ಪ ಸಿಹಿ ಬರಬೇಕೋ ಬೇಡವೋ, ಬಿಳಿ ಬೇಕೋ ಹಳದಿ ಬೇಕೋ, ಇವೆಲ್ಲ ನಾಲಿಗೆಯ ಮತ್ತು ಮನೆತನದ ಮಾತು.

ಪಟಾನ್‌ಚೆರುವಿನಲ್ಲಿ ರೊಟ್ಟಿ ಅಳೆದದ್ದು

ನಮ್ಮ ಮನ್ನಾಏಖೇಳ್ಳಿ ಮೇಲೆ ಹಾದುಹೋಗುವ ಹೆದ್ದಾರಿ ಹಿಡಿದು ಹೈದರಾಬಾದ್ ದಿಕ್ಕಿಗೆ ಹೊರಟರೆ ಜಹೀರಾಬಾದ್ ದಾಟಿದ ಮೇಲೆ ಪಟಾನ್‌ಚೆರು ಬರುತ್ತದೆ. ಅಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಆರಂಭವಾಯಿತು. ಒಣಬೇಸಾಯದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅದರ ಬೆಳೆಗಳು. ದಾರಿಯಲ್ಲಿ ಹೋಗಿ ಬಂದು ಮಾಡುವಾಗ ಅದರ ಬೇಲಿ ಎಲ್ಲರೂ ನೋಡಿರುತ್ತೇವೆ. ಒಳಗೆ ರೊಟ್ಟಿಯನ್ನೂ ಅಳೆದಿದ್ದಾರೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

1970ರ ದಶಕದ ಕೊನೆಗೆ ಅಲ್ಲಿನ ವಿಜ್ಞಾನಿಗಳು ನೂರಾರು ಜೋಳದ ತಳಿಗಳನ್ನು ಬೀಸಿ, ಕಲಸಿ, ರೊಟ್ಟಿ ಮಾಡಿಸಿ ನೋಡಿದರು. ಕಣಕ ಎಷ್ಟು ಸಲೀಸಾಗಿ ನಾದಲು ಬರುತ್ತದೆ, ಒಡೆಯದೆ ಎಷ್ಟು ಅಗಲ ಆಗುತ್ತದೆ, ರೊಟ್ಟಿಯ ಬಣ್ಣ, ಮೃದು, ವಾಸನೆ, ರುಚಿ, ಇಟ್ಟರೆ ಹೇಗೆ ಉಳಿಯುತ್ತದೆ, ಎಲ್ಲಕ್ಕೂ ಬೇರೆ ಬೇರೆ ಅಂಕ. 1981ರ ಅಕ್ಟೋಬರ್ 28ರಿಂದ 31ರವರೆಗೆ ಜೋಳದ ಗುಣದ ಮೇಲೆಯೇ ಅಲ್ಲೊಂದು ಅಂತರರಾಷ್ಟ್ರೀಯ ಗೋಷ್ಠಿ ಆಯಿತು. ನಮ್ಮ ಅವ್ವಂದಿರು ಒಲೆಯ ಮುಂದೆ ಕೂತು ಹೇಳಿದ್ದನ್ನೇ ಅವರು ಅಳತೆಪಟ್ಟಿಗೆ ತಂದರು ಎಂದು ನನ್ನ ಭಾವನೆ. ಅದು ಸಣ್ಣ ಕೆಲಸವಲ್ಲ.

ಅವರು ಹೋಲಿಕೆಗೆ ಇಟ್ಟುಕೊಂಡ ಜೋಳ ಎಂ 35-1, ಅಂದರೆ ನಮ್ಮ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಊರ ಮಾಲದಂಡಿಯಿಂದಲೇ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ ಇದು. ಹಿಂಗಾರಿಯಲ್ಲಿ ಎರಿ ಹೊಲದ ಹಸಿಯಲ್ಲಿ ಬೆಳೆದು, ಮಳೆ ಇಲ್ಲದ ದಿನಗಳಲ್ಲಿ ಕಾಳು ಕಟ್ಟುವುದರಿಂದ ಮುತ್ತಿನಂತೆ ಹೊಳೆಯುತ್ತದೆ.

ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಮಾಲದಂಡಿಯನ್ನೇ ಒರೆಗಲ್ಲು ಮಾಡಿದವರು ಯಾರು? ಹುಟ್ಟಿದಾಗಿನಿಂದ ಈ ಜೋಳ ಉಂಡವರೇ. ಹಾಗಾದರೆ ಗುಣ ಅನ್ನುವುದೂ ಕಡೆಗೆ ಒಂದು ನಾಡಿನ ಮಂದಿಯ ರೂಢಿಯೇ ಅಲ್ಲವೇ? ಅರ್ಧ ಖರೇ. ಅದೇ ಗೋಷ್ಠಿಯಲ್ಲಿ ಆಫ್ರಿಕಾದ ಅಡುಗೆಗಳ ಮಾತೂ ಬಂದಿತ್ತು. ಮಾಲಿ ದೇಶದವರು ಜೋಳದಿಂದ ತೋ ಎಂಬ ಗಟ್ಟಿ ಮುದ್ದೆ ಮಾಡುತ್ತಾರೆ. ಸುಡಾನಿನವರು ಹಿಟ್ಟು ಹುಳಿ ಬರಿಸಿ ಕಿಸ್ರಾ ಎಂಬ ತೆಳ್ಳನೆ ರೊಟ್ಟಿ ಹರಡುತ್ತಾರೆ. ಅವರಿಗೆ ಬೇಕಾದ ಕಾಳು ನಮ್ಮದೇ ಆಗಿರಬೇಕೆಂದಿಲ್ಲ. ಆದ್ದರಿಂದ "ಛಲೋ ಜೋಳ" ಅಂದರೆ "ಯಾತಕ್ಕೆ ಛಲೋ" ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು. ರೊಟ್ಟಿಗೆ ಎಂದು ಒಮ್ಮೆ ನಿಶ್ಚಯವಾದ ಮೇಲೆ ಅಲ್ಲಿಂದ ಮುಂದೆ ರೂಢಿಯ ಮಾತು ನಡೆಯುವುದಿಲ್ಲ. ಅಂಚು ಸೀಳುತ್ತದೋ ಇಲ್ಲವೋ ಎಂಬುದು ಬಡಿಯುವ ಎಲ್ಲರಿಗೂ ಒಂದೇ ಥರ ಕಾಣುತ್ತದೆ.

ಹಳದಿ ದೋಷವಲ್ಲ, ಕಪ್ಪು ದೋಷ

ಬಣ್ಣದಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಗಡಿ ದಾಟಿ ಜಹೀರಾಬಾದ್ ಕಡೆಯ ಹಳ್ಳಿಗಳಲ್ಲಿ ಹಳದಿ ಜೋಳ ಇದೆ. ತೆಲುಗಿನಲ್ಲಿ ಪಚ್ಚ ಜೊನ್ನ ಅನ್ನುತ್ತಾರೆ. ಅದರ ರೊಟ್ಟಿ ಉಂಡು ಬೆಳೆದವರು ಬಿಳಿಜೋಳಕ್ಕಿಂತ ಅದನ್ನೇ ಮೆಚ್ಚುತ್ತಾರೆ. ಈ ಕಡೆ ಅದೇ ಜೋಳ ತಂದರೆ "ಬಣ್ಣ ಹೋಗ್ಯಾದ" ಎಂದು ಮೂಗು ಮುರಿಯುತ್ತಾರೆ. ಆ ಹಳದಿ ಕಾಳಿನ ಹುಟ್ಟುಬಣ್ಣ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನಿ, ಅಷ್ಟೇ.

ಮುಂಗಾರಿ ಜೋಳ ಕಾಳು ಬಲಿಯುವಾಗ ಮಳೆಗೆ ಸಿಕ್ಕು ಕಪ್ಪಾಗುವುದು ಹಾಗಲ್ಲ. ಅದು ಬೂಷ್ಟು. ಕಾಳು ಹಗುರಾಗುತ್ತದೆ, ಹಲ್ಲಿಗೆ ಮೆತ್ತಗೆ ಸಿಗುತ್ತದೆ, ರೊಟ್ಟಿಗೆ ಮುಗ್ಗಲು ವಾಸನೆ, ಕಹಿ. ಮೊಳಕೆಗೂ ಬರುವುದಿಲ್ಲ. ಇದು ಯಾರ ನಾಲಿಗೆ ಏನೇ ಹೇಳಿದರೂ ದೋಷವೇ. "ನಮಗ ರೂಢಿ ಅದ, ಉಣ್ತೀವಿ" ಅನ್ನುವವರೂ ಇದ್ದಾರೆ. ಬಡತನದಲ್ಲಿ ಉಂಡದ್ದು ಬೇರೆ, ಅದನ್ನು ಛಲೋ ಅನ್ನುವುದು ಬೇರೆ.

1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರೀಡ್ ಜೋಳ ದೇಶದಲ್ಲಿ ಬಿಡುಗಡೆಯಾಯಿತು. ಆವಾಗಿನಿಂದ "ಹೈಬ್ರೀಡ್ ರೊಟ್ಟಿ ತಿನ್ನಂಗಿಲ್ಲ" ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಈ ದೂರಿನಲ್ಲಿ ಗುಣದ ಮಾತೂ ಇದೆ, ರೂಢಿಯ ಮಾತೂ ಇದೆ. ಕಡಿಮೆ ದಿನದ ತಳಿಯಾದ್ದರಿಂದ ಮಳೆ ನಿಲ್ಲುವ ಮೊದಲೇ ತೆನೆ ಬಲಿತು ಬೂಷ್ಟು ಹಿಡಿಯಿತು, ರೊಟ್ಟಿ ಸಂಜೆಯೊಳಗೆ ಗಡುಸಾಯಿತು. ಇದು ಗುಣ. ಮಾಲದಂಡಿಯ ಸಿಹಿ ಇಲ್ಲ, ಬಾಯಿಗೆ ಸಪ್ಪೆ, ಇದು ರೂಢಿ. ಎರಡನ್ನೂ ಒಂದೇ ಗಂಟು ಕಟ್ಟಿದ್ದರಿಂದ ಆಮೇಲೆ ಬಂದ ತಳಿಗಳನ್ನೂ ಹೆಸರು ಕೇಳಿಯೇ ಬಿಟ್ಟವರಿದ್ದಾರೆ. ವಿಜಯಪುರ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44ರಂಥ ಹಿಂಗಾರಿ ತಳಿ ಹೈಬ್ರೀಡ್ ಅಲ್ಲವೇ ಅಲ್ಲ. ಆದರೂ ಹೆಸರಿನಲ್ಲಿ ಅಂಕಿ ಕಂಡ ಕೂಡಲೇ "ಇದೂ ಹೈಬ್ರೀಡ್" ಅನ್ನುತ್ತಾರೆ.

ವೈನ್ ರುಚಿ ನೋಡುವವರ ಕತೆ

ನಮ್ಮ ಬೀಗರೊಬ್ಬರು ವಿಜಯಪುರ ಕಡೆ ದ್ರಾಕ್ಷಿ ಬೆಳೆಯುತ್ತಾರೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ಆ ಕಡೆ ವೈನಿನ ಮಾತು ಹೆಚ್ಚಾಯಿತು. ನಾನು ಕುಡಿಯುವವನಲ್ಲ. ಆದರೆ ವೈನಿಗೆ ಅಂಕ ಕೊಡುವ ವಿಧಾನ ಅವರ ಬಾಯಲ್ಲಿ ಕೇಳಿ ಇದು ಜೋಳಕ್ಕೂ ಬೇಕಲ್ಲ ಅನಿಸಿತು. ಬಾಟಲಿಗೆ ಬಟ್ಟೆ ಸುತ್ತಿ ಹೆಸರು, ಬೆಲೆ ಮುಚ್ಚಿಡುತ್ತಾರೆ. ಬಣ್ಣ, ವಾಸನೆ, ಹುಳಿ, ಒಗರು, ಬಾಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಒಂದೊಂದಕ್ಕೂ ಬೇರೆ ಅಂಕ. ನುರಿತ ಪರೀಕ್ಷಕ "ಇದು ದೋಷವಿಲ್ಲದ ಒಳ್ಳೆ ವೈನ್, ಆದರೆ ನನಗೆ ಬೇಡ" ಎಂದೂ ಹೇಳಬಲ್ಲ. ಈ ಮಾತು ನಮ್ಮ ಬಜಾರದಲ್ಲಿ ಎಂದೂ ಕೇಳಿಲ್ಲ.

ಹಾಗಂತ ಅವರೆಲ್ಲ ದೇವರಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬವರು ತಾವೇ ಸಣ್ಣ ಪ್ರಮಾಣದಲ್ಲಿ ವೈನ್ ಮಾಡುವವರು. ತಮ್ಮ ಒಂದೇ ವೈನಿಗೆ ಒಂದು ಕಡೆ ಬಂಗಾರದ ಪದಕ, ಇನ್ನೊಂದು ಕಡೆ ಏನೂ ಇಲ್ಲ, ಇದೇನು ಎಂದು ಹುಡುಕಲು ಹೊರಟರು. ಅಲ್ಲಿನ ರಾಜ್ಯದ ದೊಡ್ಡ ಜಾತ್ರೆಯ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ತಿಳಿಸದೆ ಒಂದೇ ಬಾಟಲಿಯ ವೈನನ್ನು ಮೂರು ಲೋಟದಲ್ಲಿ ಬೇರೆ ಬೇರೆ ಮಾಡಿ ಇಟ್ಟರು. 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ. ಇದಕ್ಕೂ ಮೊದಲು 2001ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಕೆಂಪು ವೈನಿಗೆ ಹೇಳುವ ವಾಸನೆಗಳನ್ನೇ ಹೇಳಿದರು. ಕಣ್ಣು ಹೇಳಿದ್ದನ್ನೇ ಮೂಗು ಒಪ್ಪಿಕೊಂಡಿತು.

ಬೆಲ್ಲದಲ್ಲಿ ನಮಗೂ ಇದೇ ಗತಿ. ಬಿಳಿಹಳದಿ ಬೆಲ್ಲ ಕಂಡರೆ ಶುದ್ಧ ಅನ್ನುತ್ತೇವೆ. ಅದಕ್ಕೇ ಕೆಲವು ಗಾಣಗಳಲ್ಲಿ ಹೈಡ್ರೋಸ್ ಹಾಕಿ ಬಣ್ಣ ತೆಗೆಯುತ್ತಾರೆ. ಕೊಳ್ಳುವವರ ಕಣ್ಣಿಗೆ ಹಿಡಿಸಲಿ ಎಂದು ಗುಣವನ್ನೇ ಕೆಡಿಸಿದ ಹಾಗಾಯಿತು. ತೊಗರಿಬೇಳೆಗೆ ಎಣ್ಣೆ ನೀರು ಸವರಿ ಮಿಂಚಿಸುವುದೂ ಅದೇ ಜಾತಿ. ಬೇಳೆಯ ಗುಣ ಗೊತ್ತಾಗುವುದು ಎಷ್ಟು ಬೇಗ ಬೆಂದು ಕರಗುತ್ತದೆ ಎಂಬುದರಲ್ಲಿ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಅದು ಸಿಕ್ಕಿದ್ದು ಆ ಮಣ್ಣಿನ ಬೇಳೆಯ ಗುಣಕ್ಕೆ, ಮೇಲಿನ ಮಿಂಚಿಗಲ್ಲ.

ಮನೆಯಲ್ಲಿ ಹೀಗೆ ನೋಡಿ

ಹೊಸ ಬೀಜ ಹಾಕಬೇಕೋ ಬೇಡವೋ ಎಂಬ ತಕರಾರು ಮನೆಯಲ್ಲಿ ಇದ್ದರೆ ಒಂದು ದಿನ ಪರೀಕ್ಷೆ ಇಟ್ಟುಬಿಡಿ. ನಮ್ಮ ಓಣಿಯಲ್ಲಿ ನಾವು ಇದನ್ನು ಮಾಡಿದ್ದೇವೆ, ಖರ್ಚು ಏನೂ ಇಲ್ಲ.

ಎರಡು ಥರದ ಜೋಳ ತಲಾ ಎರಡು ಕಿಲೋ ತೆಗೆದುಕೊಳ್ಳಿ. ಎರಡೂ ಒಂದೇ ವರ್ಷದ ಸುಗ್ಗಿಯದಾಗಿರಬೇಕು, ಒಂದೇ ದಿನ ಒಂದೇ ಗಿರಣಿಯಲ್ಲಿ ಬೀಸಿಸಬೇಕು. ಬೀಸಿಸಿದ ಹಿಟ್ಟನ್ನು ಮೂರು ಡಬ್ಬಿ ಮಾಡಿ. ಮೂರನೆಯ ಡಬ್ಬಿಯಲ್ಲಿ ಮೊದಲಿನ ಎರಡರಲ್ಲಿ ಒಂದನ್ನೇ ಮತ್ತೆ ತುಂಬಿ. ಡಬ್ಬಿಗೆ ಅರಿಶಿನ, ಕುಂಕುಮ, ಸುಣ್ಣದ ಬೊಟ್ಟು ಇಟ್ಟು, ಯಾವುದು ಯಾವುದೆಂದು ಒಬ್ಬರೇ ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಲಿ. ಅವರು ಒಲೆಯ ಹತ್ತಿರವೂ ಬರಬಾರದು, ಉಣ್ಣಲೂ ಕೂಡಬಾರದು. ಮೂರನ್ನೂ ಒಬ್ಬ ಹೆಣ್ಣುಮಗಳೇ ಬಡಿಯಲಿ. ಕೈ ಬದಲಾದರೆ ರೊಟ್ಟಿ ಬದಲಾಗುತ್ತದೆ. ಬಡಿದವಳು ಜಿಗಿ, ಅಗಲ, ಉಬ್ಬಿಗೆ ಅಂಕ ಹೇಳಲಿ. ಉಂಡವರು ರುಚಿ ಹೇಳಲಿ, ಆದರೆ ಒಬ್ಬರ ಮಾತು ಒಬ್ಬರಿಗೆ ಕೇಳದಂತೆ. ಹಿರಿಯರು ಮೊದಲು ಬಾಯಿ ತೆಗೆದರೆ ಸೊಸೆಯಂದಿರು ಬೇರೆ ಹೇಳುವುದಿಲ್ಲ, ಅದಕ್ಕೇ ಹೇಳಿದೆ. ನಾಲ್ಕಾರು ರೊಟ್ಟಿ ಬುಟ್ಟಿಯಲ್ಲಿ ಉಳಿಸಿ ಸಂಜೆ ಮತ್ತೆ ನೋಡಿ.

ಒಂದೇ ಹಿಟ್ಟಿನ ಎರಡು ಡಬ್ಬಿಗೆ ಬೇರೆ ಬೇರೆ ತೀರ್ಪು ಕೊಟ್ಟವರು ಯಾರು ಎಂದು ಚೀಟಿ ತೆಗೆದಾಗ ಗೊತ್ತಾಗುತ್ತದೆ. ಅವರ ರುಚಿಯ ಮಾತನ್ನು ಗೌರವದಿಂದ ಕೇಳಿ ಬಿಟ್ಟುಬಿಡಿ. ನಮ್ಮಲ್ಲಿ ಮಾಡಿದಾಗ ಬಡಿದವಳ ಅಂಕ ಎರಡೂ ಡಬ್ಬಿಗೆ ಒಂದೇ ಬಂದಿತ್ತು. ಉಂಡ ಗಂಡಸರದ್ದೇ ಹೆಚ್ಚು ಅತ್ತಿತ್ತ ಆಗಿತ್ತು. ಒಬ್ಬ ಕಾಕಾ ಮಾತ್ರ "ಇವೆರಡೂ ಒಂದೇ ಅವ, ನನಗ ಯಾಕ ಎರಡೆರಡು ಸಲ ಉಣ್ಣಸ್ತೀರಿ" ಎಂದು ಸಿಟ್ಟಿಗೆದ್ದರು. ಅಂಥ ನಾಲಿಗೆ ಊರಿಗೆ ಒಂದಾದರೂ ಇರಬೇಕು.

ಬಜಾರದಲ್ಲಿ

ಕೇಂದ್ರ ಸರಕಾರ ಬೆಂಬಲ ಬೆಲೆ ಹೇಳುವಾಗ ಹೈಬ್ರೀಡ್ ಜೋಳ ಬೇರೆ, ಮಾಲದಂಡಿ ಬೇರೆ ಎಂದು ಹೇಳುತ್ತದೆ. 2024-25ಕ್ಕೆ ಹೈಬ್ರೀಡಿಗೆ ಕ್ವಿಂಟಲ್‌ಗೆ 3371 ರೂಪಾಯಿ, ಮಾಲದಂಡಿಗೆ 3421. ಅಂತರ 50 ರೂಪಾಯಿ. ಹಿಂಗಾರಿಯ ಎರಿ ಹೊಲದಲ್ಲಿ ತಿಂಗಳುಗಟ್ಟಲೆ ಕಾದು ಬೆಳೆದ ಕಾಳಿಗೂ ಮುಂಗಾರಿಯ ಕಾಳಿಗೂ ಇಷ್ಟೇ ಅಂತರ ಅಂದರೆ ರೊಟ್ಟಿ ಉಣ್ಣುವವರು ಯಾರೂ ಒಪ್ಪುವುದಿಲ್ಲ. ಖರೀದಿ ಕೇಂದ್ರದಲ್ಲಿ ನೋಡುವುದು ತೇವ 14ಕ್ಕಿಂತ ಮೇಲಿದೆಯೋ, ಕಸಕಡ್ಡಿ, ಕೆಟ್ಟ ಕಾಳು, ಹುಳ ಎಷ್ಟು ಎಂದು. ಅವೆಲ್ಲ ಗುಣವೇ, ತಕರಾರಿಲ್ಲ. ಆದರೆ ಜಿಗಿ ಅಲ್ಲಿ ಲೆಕ್ಕಕ್ಕಿಲ್ಲ.

ಆದ್ದರಿಂದ ಜಿಗಿಗೆ ಬೆಲೆ ಬೇಕಾದರೆ ಉಣ್ಣುವವರನ್ನೇ ಹುಡುಕಬೇಕಾಗುತ್ತದೆ. ಬೀದರ, ಹುಮನಾಬಾದ್, ಜಹೀರಾಬಾದ್‌ಗಳಲ್ಲಿ ವರ್ಷದ ಜೋಳ ಒಮ್ಮೆಗೇ ಕೊಳ್ಳುವ ಮನೆಗಳು ಇನ್ನೂ ಇವೆ. ಅವರಿಗೆ ಚೀಲ ತೋರಿಸುವುದಕ್ಕಿಂತ ಎರಡು ಕಿಲೋ ಕೊಟ್ಟು "ಬೀಸಿಸಿ ರೊಟ್ಟಿ ಮಾಡಿ ನೋಡ್ರೀ ಅಕ್ಕಾ, ಆಮ್ಯಾಲ ಧಾರಣಿ ಮಾತಾಡೋಣು" ಅನ್ನುವುದು ಮೇಲು. ಅಕ್ಕನ ತೀರ್ಪು ಅಡತಿಯವರ ಅಂಗೈಗಿಂತ ನಿಖರ.

ರಾಶಿ ಮಾಡುವಾಗಲೇ ಮಳೆಗೆ ಸಿಕ್ಕ ತೆನೆ ಬೇರೆ, ಒಣಗಿದ ತೆನೆ ಬೇರೆ ಇಡಿ. ಹತ್ತು ಚೀಲದಲ್ಲಿ ಒಂದು ಚೀಲ ಕಪ್ಪು ಕಾಳು ಬೆರೆತರೆ ಹತ್ತಕ್ಕೂ ಕಪ್ಪಿನ ಧಾರಣಿ ಕಟ್ಟುತ್ತಾರೆ. ಬೇರೆ ಇಟ್ಟರೆ ಆ ಒಂದು ಚೀಲ ದನಕ್ಕಾದರೂ ಆಯಿತು.

ಕೊಳ್ಳುವವರು "ಮಾಲು ಬರಾಬರಿ ಇಲ್ಲ" ಅಂದಾಗ ಸುಮ್ಮನೆ ತಲೆ ಬಗ್ಗಿಸಬೇಡಿ, ಜಗಳಕ್ಕೂ ಹೋಗಬೇಡಿ. "ಸಾಹುಕಾರ್ರೇ, ಏನು ಬರಾಬರಿ ಇಲ್ಲ? ತೇವ ಅದನೋ, ಕಸ ಅದನೋ, ಹುಳ ಹತ್ತ್ಯಾವೋ, ಮಳಿ ಕಪ್ಪು ಅದನೋ?" ಎಂದು ಒಂದೊಂದೇ ಕೇಳಿ. ಒಂದನ್ನು ಹೇಳಿದರೆ ಕಾಳು ಮುಂದೆಯೇ ಇದೆ, ಇಬ್ಬರೂ ಕೂಡಿ ನೋಡಬಹುದು. ತೇವ ಇದ್ದರೆ ಎರಡು ದಿನ ಬಿಸಿಲಿಗೆ ಹಾಕಿ ತರಬಹುದು. ಹೇಳದೆ "ಗಿರಾಕಿಗೆ ಹಿಡಿಸಂಗಿಲ್ಲ" ಅಂದರೆ ಅದು ಅವರ ಗಿರಾಕಿಯ ನಾಲಿಗೆಯ ಮಾತು. ಚೀಲ ಹೊಲೆದು ಗಾಡಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಅಲ್ಲಿಯ ಗಿರಾಕಿ ಬೇರೆ ಇರುತ್ತಾರೆ.